‘ಮಾತ್ರೆ ತಗೊಂಡ್ರಾ?’ ಅಂತ ಕೇಳುವುದನ್ನು ಬಿಡಿ

ಟಿಬಿ ಚಿಕಿತ್ಸೆಯಲ್ಲಿರುವವರಿಗೆ ಮನೆಯವರದ್ದೂ ಆರೋಗ್ಯ ಕಾರ್ಯಕರ್ತರದ್ದೂ ಒಂದೇ ಪ್ರಶ್ನೆ: ‘ಮಾತ್ರೆ ತಗೊಂಡ್ರಾ?’ ಉತ್ತರವೂ ಒಂದೇ: ‘ಹೂಂ’. ತಪ್ಪಿಸಿದವರೂ ಹೂಂ ಅಂತಲೇ ಅನ್ನುತ್ತಾರೆ. ಇಲ್ಲ ಅಂದರೆ ಬೈಗುಳ ಕಾದಿರುತ್ತದೆ ಅಂತ ಗೊತ್ತಲ್ಲ! ಆಮೇಲೆ ‘ರೋಗಿ ಸುಳ್ಳು ಹೇಳಿದ’ ಅಂತ ನಾವೇ ದೂರುತ್ತೇವೆ. ಸುಳ್ಳು ಹೇಳಿಸಿದ್ದು ನಮ್ಮ ಪ್ರಶ್ನೆ.

ಹೀಗೆ ಕೇಳಿ ನೋಡಿ: ‘ತಿಂಗಳುಗಟ್ಟಲೆ ದಿನಾ ನುಂಗೋದು ಯಾರಿಗಾದರೂ ಕಷ್ಟ. ಕಳೆದ ಏಳು ದಿನದಲ್ಲಿ ಎಷ್ಟು ದಿನ ತಪ್ಪಿತು?’ ಕೇಳಿ ಸುಮ್ಮನಿರಿ. ‘ಎರಡು ದಿನ’ ಅಂದರೆ ಹುಬ್ಬೇರಿಸಬೇಡಿ. ‘ಆ ದಿನ ಏನಾಗಿತ್ತು?’ ಎನ್ನಿ. ನಿಜವಾದ ಕಾರಣ ಬರುವುದು ಅಲ್ಲಿಂದ. ನುಂಗಿದ ಅರ್ಧ ಗಂಟೆಗೆ ವಾಂತಿ, ರಾತ್ರಿ ಪಾಳಿ, ಜೊತೆಯವರ ಎದುರು ಸ್ಟ್ರಿಪ್ ತೆಗೆಯಲು ನಾಚಿಕೆ, ಕುಡಿತ. ಒಂದೊಂದಕ್ಕೂ ಪರಿಹಾರ ಬೇರೆ. ವಾಂತಿಯಾಗುವವರಿಗೆ ಬೇಕಾದದ್ದು ವೈದ್ಯರು, ಉಪದೇಶವಲ್ಲ. ಅದರ ಜೊತೆ ಕಣ್ಣು ಹಳದಿಯಾಗಿದ್ದರೆ ಅದೇ ದಿನ ತೋರಿಸಬೇಕು, ಅದು ಯಕೃತ್ತಿನ ತೊಂದರೆ ಇರಬಹುದು.

ಹೆದರಿ ಬಿಡುವವರೂ ಇದ್ದಾರೆ. ಟಿಬಿಯ ಮುಖ್ಯ ಔಷಧಗಳಲ್ಲೊಂದಾದ ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಬೆವರು, ಕಣ್ಣೀರೂ ಕೂಡ. ಮೊದಲೇ ಹೇಳದಿದ್ದರೆ ರಕ್ತವೆಂದೇ ತಿಳಿಯುತ್ತಾರೆ.

ಮೊದಲ ದಿನದ ಒಂದು ಗಂಟೆಯ ಕೌನ್ಸೆಲಿಂಗ್‌ನಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಟಿಬಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದು ತಲೆಗೆ ಹೋಗುವುದಿಲ್ಲ. ಆರು ತಿಂಗಳ ಸಾಮಾನ್ಯ ಚಿಕಿತ್ಸೆಯಲ್ಲಿ ಜಾರುವ ಜಾಗ ಎರಡನೇ ತಿಂಗಳ ಕೊನೆ. ಅಷ್ಟರಲ್ಲಿ ಕೆಮ್ಮು ನಿಂತಿರುತ್ತದೆ, ತೂಕ ಮರಳಿರುತ್ತದೆ, ಮೊದಲು ನಾಲ್ಕಿದ್ದ ಔಷಧಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ಔಷಧ ಇಳಿಸಿದ್ದನ್ನು ‘ವಾಸಿಯಾಯಿತು’ ಅಂತ ಅರ್ಥ ಮಾಡಿಕೊಳ್ಳುವುದು ಸಹಜ. ಆ ವಾರ ಮತ್ತೆ ಕೂತು ಮಾತಾಡಬೇಕು.

ಔಷಧ ನಿರೋಧಕ ಟಿಬಿಯಲ್ಲಿ, ಅಂದರೆ ಮುಖ್ಯ ಔಷಧಗಳಿಗೆ ಬಗ್ಗದ ಟಿಬಿಯಲ್ಲಿ, ಇನ್ನೊಂದು ತಪ್ಪು ನಡೆಯುತ್ತದೆ, ಅದಂತೂ ಸಹಿಸಲಾಗದು. ಮಂಕಾಗಿ ಕೂತವರಿಗೆ ‘ಮನಸ್ಸು ಗಟ್ಟಿ ಮಾಡ್ಕೊಳ್ಳಿ’ ಎನ್ನುತ್ತಾರೆ. ಈ ಟಿಬಿಗೆ ಕೆಲವರಿಗೆ ಕೊಡುವ ಸೈಕ್ಲೋಸೆರಿನ್ ಎಂಬ ಔಷಧ ತಾನೇ ಖಿನ್ನತೆ, ಭ್ರಮೆ, ಆತ್ಮಹತ್ಯೆಯ ಯೋಚನೆ ತರಬಲ್ಲದು. ಅಲ್ಲಿ ಮನಸ್ಸು ಗಟ್ಟಿಯಿದ್ದು ಏನು ಪ್ರಯೋಜನ? ಖಿನ್ನತೆ ಗುರುತಿಸಲು ಹಿಂದಿನ ಎರಡು ವಾರದ ಬಗ್ಗೆ ಕೇಳುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯ ಒಂಬತ್ತು ಪ್ರಶ್ನೆಗಳನ್ನು ಚಿಕಿತ್ಸೆಗೆ ಮೊದಲು ಒಮ್ಮೆ, ಆಮೇಲೆ ಪ್ರತಿ ಭೇಟಿಯಲ್ಲೂ ಕೇಳಿ. ಒಟ್ಟು 27 ಅಂಕಕ್ಕೆ 10 ಅಥವಾ ಹೆಚ್ಚು ಬಂದರೆ ವೈದ್ಯರ ತಪಾಸಣೆ ಬೇಕು. ಆದರೆ ಒಂಬತ್ತನೆಯ ಪ್ರಶ್ನೆ ಸಾವಿನ, ತನಗೆ ಹಾನಿ ಮಾಡಿಕೊಳ್ಳುವ ಯೋಚನೆಯದ್ದು. ಅಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ, ಒಟ್ಟು ಅಂಕ ಮೂರೇ ಇದ್ದರೂ, ಅಂದೇ ವೈದ್ಯರಿಗೆ ತಿಳಿಸಿ, ರೋಗಿಯನ್ನು ಒಂಟಿಯಾಗಿ ಬಿಡಬೇಡಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಆ ತೀರ್ಮಾನ ವೈದ್ಯರದ್ದು. ಮನೋವೈದ್ಯರ ಬಳಿ ಹೋಗುವಾಗ ಟಿಬಿ ಮಾತ್ರೆಗಳ ಪೂರ್ತಿ ಪಟ್ಟಿ ಕೈಯಲ್ಲಿರಲಿ: ಔಷಧ ನಿರೋಧಕ ಟಿಬಿಗೆ ಕೊಡುವ ಲಿನೆಜೊಲಿಡ್ ಜೊತೆ ಖಿನ್ನತೆಯ ಕೆಲವು ಮಾತ್ರೆಗಳು ಸೇರಿದರೆ ಅಪಾಯ.

ಇನ್ನು ಮನೆಯಲ್ಲಿ ರೋಗಿಗೆ ಅಂತ ಎತ್ತಿಡುವ ಬೇರೆ ತಟ್ಟೆಯ ವಿಷಯ. ಶ್ವಾಸಕೋಶದ ಟಿಬಿ ಹರಡುವುದು ಗಾಳಿಯಿಂದ, ತಟ್ಟೆ ಲೋಟದಿಂದಲ್ಲ. ಸರಿಯಾದ ಔಷಧ ಶುರುವಾದ ಮೇಲೆ ಸೋಂಕು ಹರಡುವ ಸಾಧ್ಯತೆಯೂ ಬೇಗ ಇಳಿಯುತ್ತದೆ. ಯಾವಾಗ ಅನ್ನುವುದನ್ನು ವೈದ್ಯರೇ ಹೇಳಬೇಕು. ಅವರು ಹೇಳಿದ ದಿನ ಮನೆಯವರನ್ನೆಲ್ಲ ಕೂರಿಸಿ, ರೋಗಿಯ ಎದುರಿಗೇ, ‘ಇನ್ನು ಇವರಿಂದ ಹರಡುವುದಿಲ್ಲ’ ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಆ ತಟ್ಟೆ ಚಿಕಿತ್ಸೆ ಮುಗಿದ ಮೇಲೂ ಮೂಲೆಯಲ್ಲೇ ಇರುತ್ತದೆ.