ಇಲಿನಾಯ್‌ನಲ್ಲಿ ಮರಣದಂಡನೆ ನಿಂತಿದ್ದು ಹೇಗೆ?

2003ರ ಜನವರಿ 11. ಅಮೆರಿಕದ ಇಲಿನಾಯ್ ರಾಜ್ಯದ ಗವರ್ನರ್ ಜಾರ್ಜ್ ರಯಾನ್ ಕುರ್ಚಿ ಬಿಡಲು ಇನ್ನೆರಡೇ ದಿನ ಬಾಕಿ ಇತ್ತು. ಷಿಕಾಗೊದ ಲಾ ಕಾಲೇಜೊಂದರಲ್ಲಿ ನಿಂತು, ಮರಣದಂಡನೆಗೆ ಗುರಿಯಾಗಿದ್ದ 167 ಜನರ ಶಿಕ್ಷೆಯನ್ನು ಒಂದೇ ಏಟಿಗೆ ಇಳಿಸಿಬಿಟ್ಟರು. ಹೆಚ್ಚಿನವರಿಗೆ ಜೀವಾವಧಿ ಆಯಿತು. ಹಿಂದಿನ ದಿನವಷ್ಟೇ ನಾಲ್ವರಿಗೆ ಪೂರ್ತಿ ಕ್ಷಮೆ ಕೊಟ್ಟಿದ್ದರು. ಪೊಲೀಸರು ಹಿಂಸೆ ಕೊಟ್ಟು ತಪ್ಪೊಪ್ಪಿಗೆ ಬರೆಸಿಕೊಂಡರು ಅನ್ನುವುದು ಆ ನಾಲ್ವರ ದೂರಾಗಿತ್ತು.

ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ. ಜನರೇ ಓಟು ಹಾಕಿ ಆರಿಸುತ್ತಾರೆ, ಆಡಳಿತವೆಲ್ಲ ಅವರ ಕೈಯಲ್ಲೇ. ಇಲಿನಾಯ್‌ನಲ್ಲಿ ಶಿಕ್ಷೆ ಇಳಿಸುವ ಕೊನೆ ಮಾತೂ ಅವರದೇ.

ರಯಾನ್ ಮೊದಲಿನಿಂದ ಮರಣದಂಡನೆಯ ವಿರೋಧಿಯೇನಲ್ಲ. ಕ್ಯಾಂಕಕೀ ಊರಿನ ಫಾರ್ಮಸಿಸ್ಟ್, ಪಕ್ಕಾ ರಿಪಬ್ಲಿಕನ್. 1977ರಲ್ಲಿ ಶಾಸಕರಾಗಿದ್ದಾಗ ಮರಣದಂಡನೆ ವಾಪಸ್ ತರುವ ಮಸೂದೆಗೆ ಕೈ ಎತ್ತಿದವರು.

ಅವರನ್ನು ಅಲುಗಾಡಿಸಿದ್ದು ಆಂಥನಿ ಪೋರ್ಟರ್ ಪ್ರಕರಣ. 1998ರಲ್ಲಿ, ಕೊಲೆ ಕೇಸಿನಲ್ಲಿ ಮರಣದಂಡನೆಯಾಗಿದ್ದ ಪೋರ್ಟರ್‌ನ ಶಿಕ್ಷೆ ಜಾರಿಗೆ ಸುಮಾರು ಎರಡು ದಿನ ಉಳಿದಿತ್ತು. ಈತನ ಬುದ್ಧಿಮಟ್ಟ ತುಂಬಾ ಕಡಿಮೆ, ತನಗೇನಾಗುತ್ತಿದೆ ಅಂತ ಗೊತ್ತಾಗುತ್ತದಾ ನೋಡೋಣ ಎಂದು ಕೋರ್ಟು ತಡೆ ಕೊಟ್ಟಿತು. ನಿರಪರಾಧಿ ಇರಬಹುದು ಅಂತಲ್ಲ! ಆ ಬಿಡುವಿನಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳು, ಅವರ ಮೇಷ್ಟ್ರು ಸೇರಿ ಕೇಸು ಕೆದಕಿದರು. ಬೇರೊಬ್ಬ ತಪ್ಪೊಪ್ಪಿಕೊಂಡ, 1999ರ ಫೆಬ್ರುವರಿಯಲ್ಲಿ ಪೋರ್ಟರ್ ಹೊರಬಂದ. (ಒಪ್ಪಿಕೊಂಡವನೂ ಆಮೇಲೆ ಮಾತು ಬದಲಿಸಿದ, 2014ರಲ್ಲಿ ಅವನನ್ನೂ ಬಿಟ್ಟರು.)

ಆದರೂ ಮರುತಿಂಗಳೇ ಇನ್ನೊಬ್ಬ ಕೈದಿಯ ಶಿಕ್ಷೆ ಜಾರಿಯಾಯಿತು. ರಯಾನ್ ತಡೆಯಲಿಲ್ಲ. ರಾಜ್ಯದ ಎಲ್ಲ ಮರಣದಂಡನೆಗಳನ್ನೂ ತಡೆದಿದ್ದು 2000ದ ಜನವರಿಯಲ್ಲಿ. ಅಷ್ಟರಲ್ಲಿ ಲೆಕ್ಕ ಹೀಗಿತ್ತು: 1977ರಿಂದೀಚೆಗೆ ಕೊಂದದ್ದು 12 ಜನರನ್ನು, ತಪ್ಪು ಶಿಕ್ಷೆಯಾಗಿತ್ತೆಂದು ಬಿಟ್ಟಿದ್ದು 13 ಜನರನ್ನು.

ರಯಾನ್‌ಗೆ ಇನ್ನೊಂದು ಮುಖವೂ ಇತ್ತು, ಅದು ಲೈಸೆನ್ಸ್ ಹಗರಣ. ಗವರ್ನರ್ ಆಗುವ ಮೊದಲು ರಯಾನ್ ಕೈಯಲ್ಲಿದ್ದದ್ದು ಡ್ರೈವಿಂಗ್ ಲೈಸೆನ್ಸ್ ಕೊಡುವ ಇಲಾಖೆ. ಅಲ್ಲಿನ ನೌಕರರು ಲಂಚ ತಿಂದು ಲಾರಿ ಲೈಸೆನ್ಸ್ ಮಾರಿದರು. ಆ ದುಡ್ಡಿನಲ್ಲಿ ಒಂದಷ್ಟು ರಯಾನ್ ಚುನಾವಣಾ ನಿಧಿಗೆ ಹೋಯಿತು. ಆರ್‌ಟಿಒ ಏಜೆಂಟರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ 1994ರಲ್ಲಿ ಮಿಲ್ವಾಕಿ ಬಳಿ ಲಾರಿಯಿಂದ ಬಿದ್ದ ಕಬ್ಬಿಣದ ತುಂಡು ತಾಗಿ ವ್ಯಾನೊಂದಕ್ಕೆ ಬೆಂಕಿ ಹತ್ತಿತು. ಒಂದೇ ಮನೆಯ ಆರು ಮಕ್ಕಳು ಸತ್ತರು. ಆ ಲಾರಿ ಚಾಲಕನ ಲೈಸೆನ್ಸ್ ಲಂಚದ್ದು.

2006ರಲ್ಲಿ ಭ್ರಷ್ಟಾಚಾರದ ಕೇಸಿನಲ್ಲಿ ರಯಾನ್ ತಪ್ಪಿತಸ್ಥ ಎಂದಾಯಿತು. ಆರೂವರೆ ವರ್ಷ ಜೈಲು. ಹೆಸರು ತೊಳೆದುಕೊಳ್ಳಲು 167 ಜನರನ್ನು ಉಳಿಸಿದರು ಅಂತ ಬೈದವರಿದ್ದಾರೆ. ಇರಬಹುದು. ಆದರೆ ರಯಾನ್ ಕೆಟ್ಟವರೆಂದ ಮಾತ್ರಕ್ಕೆ ಆ 13 ಕೇಸುಗಳ ತೀರ್ಪು ಸರಿಯಾಗಿಬಿಡುವುದಿಲ್ಲ, ಅಲ್ವಾ?

ಕೊನೆಗೆ 2011ರ ಮಾರ್ಚ್‌ನಲ್ಲಿ ಗವರ್ನರ್ ಪ್ಯಾಟ್ ಕ್ವಿನ್ ಸಹಿ ಹಾಕಿ ಮರಣದಂಡನೆಯನ್ನೇ ರದ್ದು ಮಾಡಿದರು. ಆಗ ರಯಾನ್ ಇಂಡಿಯಾನಾದ ಟೆರಿಹೋಟ್‌ ಜೈಲಿನಲ್ಲಿದ್ದರು. ಅಮೆರಿಕದ ಕೇಂದ್ರ ಸರ್ಕಾರ ತನ್ನ ಮರಣದಂಡನೆ ಕೈದಿಗಳನ್ನು ಇಡುವುದೂ ಅದೇ ಆವರಣದಲ್ಲಿ.