ಫಾರ್ಮ್ಯಾಟ್ ಮಾಡುವ ಮೊದಲು ಗಡಿಯಾರ ನೋಡಿ

ಕಂಪ್ಯೂಟರ್ ಪೂರ್ತಿ ಕೆಟ್ಟು ಕೂತರೆ ರಿಪೇರಿ ಸುಲಭ. ಹಾಳಾದ ಭಾಗ ಸಿಗುತ್ತದೆ, ಬದಲಿಸಿದರೆ ಆಯಿತು. ತಲೆನೋವು ಕೊಡುವುದು ವಾರದಲ್ಲಿ ಒಮ್ಮೆಯೋ ಎರಡು ಸಲವೋ ತಾನಾಗಿ ಆಫ್ ಆಗಿ ಆನ್ ಆಗುವ ಕಂಪ್ಯೂಟರ್. ಅಂಗಡಿಗೆ ತಂದಿಟ್ಟರೆ ದಿನಗಟ್ಟಲೆ ಚೆನ್ನಾಗಿಯೇ ಓಡುತ್ತದೆ. ವಾಪಸ್ ಕಳಿಸಿದ ಮರುದಿನ ಫೋನ್: "ಪುನಃ ಶುರುವಾಯ್ತು ಮಾರಾಯ್ರೆ. ಒಂದು ಫಾರ್ಮ್ಯಾಟ್ ಹೊಡೆದು ಕೊಡಿ."

ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವ ಈ ಫಾರ್ಮ್ಯಾಟ್ ಎಂದರೆ ನಮ್ಮಲ್ಲಿ ಎಲ್ಲ ಕಾಯಿಲೆಗೂ ಒಂದೇ ಕಷಾಯ. ಆದರೆ ಯಾವಾಗ ಏನಾಯಿತು ಎಂದು ವಿಂಡೋಸ್ ಬರೆದಿಟ್ಟುಕೊಂಡ ದಾಖಲೆಯೂ ಅದರ ಜೊತೆ ಅಳಿಸಿ ಹೋಗುತ್ತದೆ. ಹಾಗಾಗಿ ನಾನು ಮೊದಲು ಕೇಳುವುದು ಒಂದು ನೋಟ್‌ಬುಕ್ ಮತ್ತು ಪೆನ್ನು. ಕಂಪ್ಯೂಟರ್ ನಿಂತ ಸಮಯ, ಆಗ ತೆರೆದಿದ್ದ ಕೆಲಸ, ಪಕ್ಕದಲ್ಲಿ ಇನ್ನೇನು ಓಡುತ್ತಿತ್ತು, ಎಸಿ ಇತ್ತಾ, ಕರೆಂಟು ಮಿಣುಕಿತಾ. ಇಷ್ಟು ಬರೆದಿಡಿ ಎಂದರೆ ಜನ ಮುಖ ನೋಡುತ್ತಾರೆ. ಇರಲಿ.

ಮಂಗಳೂರಿನ ಕೊಡಿಯಾಲ್‌ಬೈಲ್ ಕಡೆಯ ಒಂದು ಲೆಕ್ಕಪತ್ರದ ಆಫೀಸಿನಲ್ಲಿ ಈ ನೋಟ್‌ಬುಕ್ಕೇ ಉತ್ತರ ಕೊಟ್ಟಿತು. ಜಿಎಸ್‌ಟಿ ರಿಟರ್ನ್ ಸಲ್ಲಿಸುವ 20ನೇ ತಾರೀಕು ಹತ್ತಿರ ಬಂದಂತೆ ಒಂದೇ ಒಂದು ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಅದರಲ್ಲಿ ಕೂತವರು ಏನೂ ಮಾಡದಿದ್ದಾಗಲೂ ಆಗುತ್ತಿತ್ತು. ವಿಂಡೋಸ್ ಮೇಲೆ, ವೈರಸ್ ಮೇಲೆ, ಅಕೌಂಟ್ಸ್ ಸಾಫ್ಟ್‌ವೇರ್ ಮೇಲೆ ಎಲ್ಲ ಸಂಶಯ ಪಟ್ಟಾಗಿತ್ತು. ಬರೆದಿಟ್ಟ ಸಮಯ ನೋಡಿದರೆ, ಪ್ರತಿ ಸಲವೂ ಆಚೆ ಮೇಜಿನವರು ಪ್ರಿಂಟ್ ಕೊಟ್ಟ ಹೊತ್ತು. ಲೇಸರ್ ಪ್ರಿಂಟರನ್ನು ಈ ಕಂಪ್ಯೂಟರಿನ ಯುಪಿಎಸ್‌ಗೇ ಸಿಕ್ಕಿಸಿದ್ದರು!

ಲೇಸರ್ ಪ್ರಿಂಟರ್ ಕಾಗದದ ಮೇಲೆ ಪುಡಿಯನ್ನು ಬಿಸಿಯಿಂದ ಅಂಟಿಸುತ್ತದೆ. ಆ ಹೀಟರ್ ಆನ್ ಆಗುವ ಕೆಲವು ಸೆಕೆಂಡು ಅದು ನೂರಾರು ವಾಟ್ ಎಳೆಯುತ್ತದೆ. ಆಫೀಸುಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ನಿಜಕ್ಕೂ ಕೊಡಬಲ್ಲದ್ದು ಸುಮಾರು 360 ವಾಟ್ ಮಾತ್ರ. ಅದರ ಮೇಲೆ ಬ್ಯಾಟರಿಯೂ ಹಳತಾಗಿದ್ದರೆ ಕೇಳುವುದೇ ಬೇಡ. ಯುಪಿಎಸ್ ಒಂದು ಕ್ಷಣ ಕೈ ಬಿಡುತ್ತದೆ, ಕಂಪ್ಯೂಟರ್ ಬೀಳುತ್ತದೆ. ಪ್ರಿಂಟರಿನ ಪ್ಲಗ್ಗನ್ನು ಗೋಡೆಯ ಸಾಕೆಟ್‌ಗೆ ಹಾಕಿದೆವು. ಖರ್ಚು ಸೊನ್ನೆ.

ಇಂಥ ಸಮಸ್ಯೆಯಲ್ಲಿ ನಾನು ಬೇರೆಲ್ಲಕ್ಕಿಂತ ಮೊದಲು ತಿಳಿಯಲು ನೋಡುವುದು ಒಂದೇ. ಕಂಪ್ಯೂಟರನ್ನು ವಿಂಡೋಸ್ ನಿಲ್ಲಿಸಿತಾ, ಅಥವಾ ವಿಂಡೋಸ್‌ಗೂ ಗೊತ್ತಾಗದ ಹಾಗೆ ಕರೆಂಟು ಹೋಯಿತಾ? ವಿಂಡೋಸ್ ನಿಲ್ಲಿಸಿದ್ದರೆ ನೀಲಿ ಪರದೆ ಬರುತ್ತದೆ. ಹೊಸ ವಿಂಡೋಸ್ 11ರಲ್ಲಿ ಅದು ಈಗ ಕಪ್ಪು. ಅದರ ಮೇಲೆ ಕಾರಣದ ಕೋಡ್ ಇರುತ್ತದೆ. ಆದರೆ ಓದುವ ಮೊದಲೇ ರೀಸ್ಟಾರ್ಟ್ ಆಗಿಬಿಡುತ್ತದೆ ಅಲ್ವಾ? ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬ್‌ಗೆ ಹೋಗಿ, ಸ್ಟಾರ್ಟಪ್ ಆ್ಯಂಡ್ ರಿಕವರಿಯಲ್ಲಿ 'ಆಟೋಮ್ಯಾಟಿಕಲಿ ರೀಸ್ಟಾರ್ಟ್' ಎಂಬುದರ ಟಿಕ್ ತೆಗೆಯಿರಿ. ಮುಂದಿನ ಸಲ ಪರದೆ ಹಾಗೇ ನಿಲ್ಲುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆದಿಡಬಹುದು.

ವಿಂಡೋಸ್ ಬರೆದಿಟ್ಟ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆರೆದವರಿಗೆ ಕಣ್ಣಿಗೆ ಬೀಳುವುದು 'ಕರ್ನೆಲ್-ಪವರ್ 41' ಎಂಬ ಕೆಂಪು ಸಾಲು. "ಪವರ್ ಎಂದಿದೆ, ಹಾಗಾದರೆ ಎಸ್‌ಎಂಪಿಎಸ್ ಹೋಗಿದೆ" ಎಂದು ಹೊಸ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಪೆಟ್ಟಿಗೆ) ತಂದವರು ಬಹಳ ಜನ. ಆ ಸಾಲು ಹೇಳುವುದು, ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿರಲಿಲ್ಲ ಎಂದು ಮಾತ್ರ. ನೀವು ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೂ ಅದೇ ಸಾಲು ಬರುತ್ತದೆ. ಅದರ ವಿವರದಲ್ಲಿ 'ಬಗ್‌ಚೆಕ್ ಕೋಡ್', ಅಂದರೆ ನೀಲಿ ಪರದೆಯ ಕಾರಣದ ಕೋಡ್, ಎಂದಿರುವಲ್ಲಿ ನೋಡಿ. ಸೊನ್ನೆ ಇದ್ದರೆ ವಿಂಡೋಸ್ ಏನನ್ನೂ ಬರೆದುಕೊಂಡಿಲ್ಲ. ಆಗ ಮೊದಲು ಯುಪಿಎಸ್, ಪ್ಲಗ್, ಎಸ್‌ಎಂಪಿಎಸ್, ಬಿಸಿ ಇವುಗಳ ಕಡೆ ನೋಡಬೇಕು. ಬೇರೆ ಸಂಖ್ಯೆ ಇದ್ದರೆ ಡ್ರೈವರ್ (ಒಂದೊಂದು ಭಾಗವನ್ನು ನಡೆಸುವ ಸಾಫ್ಟ್‌ವೇರ್), ಮೆಮೊರಿ ಅಂದರೆ ರ‍್ಯಾಮ್, ಡಿಸ್ಕ್ ಕಡೆಗೆ.

ಒಂದು ಅಪವಾದ ಇದೆ. ವಿಂಡೋಸ್ ಕೂತಿರುವ ಡಿಸ್ಕ್, ಅಂದರೆ ಎಸ್‌ಎಸ್‌ಡಿಯೇ ನಡುವೆ ಮಾಯವಾದರೆ ವಿಂಡೋಸ್‌ಗೆ ಬರೆಯಲು ಜಾಗವೇ ಇರುವುದಿಲ್ಲ. ರೀಸ್ಟಾರ್ಟ್ ಆದಾಗ 'ಬೂಟ್ ಡಿವೈಸ್ ಇಲ್ಲ' ಎಂದು ಬಂದು, ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಸರಿಯಾಗುತ್ತದಾ? ಹಾಗಾದರೆ ಬೇರೆ ಪರೀಕ್ಷೆ ಎಲ್ಲ ಬಿಟ್ಟು ಅದೇ ದಿನ ಬ್ಯಾಕಪ್ ತೆಗೆಯಿರಿ.

ಕೋಡ್ ಸಿಕ್ಕಿದರೂ ಒಂದೇ ಸಲದ್ದನ್ನು ನಾನು ನಂಬುವುದಿಲ್ಲ. ನಾಲ್ಕೈದು ಕೂಡಿದ ಮೇಲೆ ನೋಡುತ್ತೇನೆ. ಪ್ರತಿ ಸಲ ಅದೇ ಕೋಡ್, ಅದೇ ಡ್ರೈವರಿನ ಹೆಸರು ಬಂದರೆ ಆ ಡ್ರೈವರನ್ನೇ ಹಿಡಿಯಬೇಕು. ಪ್ರತಿ ಸಲ ಬೇರೆ ಬೇರೆ ಬಂದರೆ ನನ್ನ ಸಂಶಯ ಹೋಗುವುದು ರ‍್ಯಾಮ್ ಮೇಲೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಅದರಲ್ಲಿ ಒಂದೇ ಎರರ್ ಬಂದರೂ ಅದು ಎರರ್ರೇ. "ಒಂದೇ ಅಲ್ವಾ" ಎಂದು ಬಿಡುವ ಹಾಗಿಲ್ಲ. ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡಿನ ಸಾಫ್ಟ್‌ವೇರ್) ರ‍್ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಆನ್ ಇದ್ದರೆ ಆಫ್ ಮಾಡಿ, ಒಂದೊಂದೇ ರ‍್ಯಾಮ್ ಸ್ಟಿಕ್ ಹಾಕಿ ಪುನಃ ಓಡಿಸಬೇಕು.

ನಮ್ಮ ಕರಾವಳಿಯಲ್ಲಿ ರ‍್ಯಾಮ್ ಹಾಳಾಗದೆಯೂ ಕಾಟ ಕೊಡುತ್ತದೆ. ಮಲ್ಪೆ, ಬಂದರು, ಪಣಂಬೂರು ಕಡೆ ಉಪ್ಪಿನ ಗಾಳಿ. ಮಳೆಗಾಲದಲ್ಲಿ ಅದರ ಜೊತೆ ತೇವ. ಹಗಲು ಎಸಿ, ರಾತ್ರಿ ಬಾಗಿಲು ಮುಚ್ಚಿದ ಕೋಣೆ. ರ‍್ಯಾಮಿನ ಚಿನ್ನದ ಬಣ್ಣದ ಕಾಲುಗಳ ಮೇಲೆ ತೆಳುವಾದ ಪದರ ಕೂರುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಆಮೇಲೆ ಸ್ಟಿಕ್ ಹೊರತೆಗೆಯಿರಿ. ಮಕ್ಕಳ ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಪುನಃ ಹಾಕಿ. ಜೂನ್, ಜುಲೈಯಲ್ಲಿ ಬರುವ ದೂರುಗಳಲ್ಲಿ ಇಷ್ಟಕ್ಕೇ ಸರಿಯಾಗುವವು ಜಾಸ್ತಿ. ಕ್ಯಾಬಿನೆಟ್ಟಿನ ಬಾಗಿಲು ತೆಗೆದಾಗ ಹಲ್ಲಿ, ಇರುವೆ ಸಂಸಾರ ಸಿಕ್ಕಿದರೆ ಹೆದರಬೇಡಿ.

ಆಫೀಸಿನ ಎಲ್ಲ ಕಂಪ್ಯೂಟರ್‌ಗಳೂ ಒಂದೇ ದಿನ ಬೀಳಲು ಶುರುವಾದರೆ ಸ್ಕ್ರೂಡ್ರೈವರ್ ಮುಟ್ಟಲೇಬೇಡಿ. 2024ರ ಜುಲೈ 19ರಂದು ಕಂಪ್ಯೂಟರ್ ಭದ್ರತೆಯ ಸಾಫ್ಟ್‌ವೇರ್ ಮಾಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಿದ್ದವು. ಒಂದರಲ್ಲೂ ಯಾವ ಭಾಗವೂ ಕೆಟ್ಟಿರಲಿಲ್ಲ. ಅದೇ ವರ್ಷ ಇದಕ್ಕೆ ಉಲ್ಟಾ ಕತೆಯೂ ನಡೆಯಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಜಾಸ್ತಿ ವೋಲ್ಟೇಜ್ ಕೇಳಿ ಕ್ರಮೇಣ ಹಾಳಾಗುತ್ತಿದ್ದವು. ಜನ ಗೇಮ್‌ಗೆ, ಡ್ರೈವರ್‌ಗೆ ಬೈಯುತ್ತಿದ್ದರು. ಇಂಟೆಲ್ ಬಯಾಸ್ ಅಪ್‌ಡೇಟ್ ಮೂಲಕ ತಡೆಯಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಲೇ ಹಾಳಾದ ಪ್ರೊಸೆಸರ್ ಮಾತ್ರ ಅಪ್‌ಡೇಟ್‌ನಿಂದ ಸರಿಯಾಗುವುದಿಲ್ಲ. ನಿಮ್ಮಲ್ಲಿ ಆ ತಲೆಮಾರಿನ ಪ್ರೊಸೆಸರ್ ಇದ್ದರೆ ಬಯಾಸ್ ಯಾವ ತಾರೀಕಿನದು ಎಂದು ಇವತ್ತೇ ನೋಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ರ‍್ಯಾಮ್, ಎಸ್‌ಎಂಪಿಎಸ್, ವಿಂಡೋಸ್ ಮೂರನ್ನೂ ಒಂದೇ ದಿನ ಬದಲಿಸಿದರೆ ಸರಿಯಾಗಬಹುದು. ಆದರೆ ಯಾವುದರಿಂದ ಎಂದು ಗೊತ್ತಾಗುವುದಿಲ್ಲ, ಮೂರಕ್ಕೂ ದುಡ್ಡು ಹೋಗುತ್ತದೆ. ಬದಲಿಸಿದ ಮೇಲೆ ಕಾಯಬೇಕು. ವಾರಕ್ಕೆ ಒಮ್ಮೆ ಬೀಳುತ್ತಿದ್ದದ್ದು ಎರಡು ದಿನ ಓಡಿದರೆ ಅದಕ್ಕೆ ಅರ್ಥವಿಲ್ಲ. ನೋಟ್‌ಬುಕ್ಕಿನಲ್ಲಿ ಮೂರ್ನಾಲ್ಕು ವಾರ ಖಾಲಿ ಇದ್ದರೆ ಮಾತ್ರ ನಾನು ಸರಿಯಾಯಿತು ಎನ್ನುತ್ತೇನೆ. ಅಷ್ಟರವರೆಗೆ ತೆಗೆದಿಟ್ಟ ಹಳೆ ಭಾಗವನ್ನು ಗುಜರಿಗೆ ಹಾಕಬೇಡಿ. ಅಂಗಡಿಯವರಲ್ಲಿ ಬಿಟ್ಟಿದ್ದರೆ ಕೇಳಿ ಪಡೆಯಿರಿ. ಹಲವು ಕಂಪನಿಗಳು ರ‍್ಯಾಮ್‌ಗೆ ವರ್ಷಗಟ್ಟಲೆ ವಾರಂಟಿ ಕೊಡುತ್ತವೆ, ಹಳೆ ಬಿಲ್ ಹುಡುಕಿದರೆ ಹೊಸದೊಂದು ಸಿಕ್ಕಿದರೂ ಸಿಕ್ಕೀತು.