ಪದ ಪರಿಚಯ: ಒಪ್ಪಿಗೆ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹತ್ತನೇ ಕ್ಲಾಸಿಗೆ ಸಂತಾನೋತ್ಪತ್ತಿಯ ಪಾಠ ಬಂದಾಗ ಮೇಜಿನ ಮೇಲೆ ಒಂದು ಖಾಲಿ ಚಪ್ಪಲಿ ಡಬ್ಬ ಇಡುತ್ತೇನೆ. ಮುಚ್ಚಳದಲ್ಲಿ ಚೀಟಿ ಹೋಗುವಷ್ಟು ಸೀಳು. ಕೈ ಎತ್ತಿ ಕೇಳೋಕೆ ಆಗದ್ದನ್ನು ಬರೆದು ಹಾಕಿ, ಹೆಸರು ಬೇಡ ಅಂತ ಹೇಳುತ್ತೇನೆ. ಮೊದಲ ದಿನ ಬೀಳುವುದು ಒಂದೆರಡು ಚೀಟಿ. ಮೂರನೇ ದಿನಕ್ಕೆ ಡಬ್ಬ ತುಂಬುತ್ತದೆ. ಎರಡು ತಿಂಗಳು ಮುಟ್ಟು ಬರದಿದ್ದರೆ ಏನು, ಮೊಡವೆಗೆ ಏನು ಹಚ್ಚಬೇಕು, ದನಿ ಯಾಕೆ ಒಡೆಯುತ್ತದೆ, ಇಂಥವೇ ಜಾಸ್ತಿ.

ಹೋದ ವರ್ಷ ಒಂದು ಚೀಟಿ ಬೇರೆ ಥರ ಇತ್ತು. ನೋಟ್‌ಬುಕ್ಕಿನ ಹಾಳೆಯನ್ನು ಮಡಚಿ ಮಡಚಿ ಹುಣಸೆ ಬೀಜದಷ್ಟು ಮಾಡಿದ್ದರು. ‘ಮಿಸ್, ಅವನು ಫೋಟೋ ಕೇಳ್ತಾ ಇದ್ದ. ನಾಲ್ಕು ದಿನ ಬೇಡ ಅಂದೆ. ಬೇಜಾರು ಮಾಡ್ಕೊಂಡು ಮಾತು ಬಿಟ್ಟ. ಆಮೇಲೆ ಹೂಂ ಅಂದೆ. ಇನ್ನೂ ಕಳಿಸಿಲ್ಲ. ಒಪ್ಪಿಗೆ ಕೊಟ್ಟ ಮೇಲೆ ಕಳಿಸಲೇಬೇಕಾ?’

ಅವತ್ತೇ ಇಡೀ ಕ್ಲಾಸಿಗೆ ಉತ್ತರ ಹೇಳಿದೆ. ಕಳಿಸಬೇಕಾಗಿಲ್ಲ. ಹೂಂ ಅಂದವರು ಮುಂದಿನ ಗಳಿಗೆಯಲ್ಲೇ ಬೇಡ ಅನ್ನಬಹುದು. ಆದರೆ ಮನೆಗೆ ಹೋದ ಮೇಲೂ ಆ ಚೀಟಿಯಲ್ಲಿದ್ದ ಒಂದು ಪದ ನನ್ನನ್ನು ಬಿಡಲಿಲ್ಲ. ಒಪ್ಪಿಗೆ. ಅವಳಿಗೆ ಈ ಪದದ ಅರ್ಥವನ್ನು ನಾವು ಯಾರೂ ಸರಿಯಾಗಿ ಹೇಳಿಕೊಟ್ಟೇ ಇಲ್ಲ ಅನ್ನಿಸಿತು.

ಒಪ್ಪಿಗೆಯ ಬೇರು ‘ಒಪ್ಪು’. ‘ಈ ಬಣ್ಣ ನಿನಗೆ ಒಪ್ಪುತ್ತೆ’ ಅನ್ನುತ್ತೇವೆ. ಅಡುಗೆಮನೆಯನ್ನು ಒಪ್ಪವಾಗಿ ಇಟ್ಟಿದ್ದಾರೆ ಅನ್ನುತ್ತೇವೆ. ತಪ್ಪಿನ ಎದುರಿಗೆ ಒಪ್ಪು. ಹಳಗನ್ನಡದಲ್ಲಿ ಒಪ್ಪು ಅಂದರೆ ಚೆಲುವು ಅಂತಲೂ ಅರ್ಥ. ಇವೆಲ್ಲದರ ಒಳಗೆ ಇರುವುದು ಒಂದೇ ಸಂಗತಿ, ಹೊಂದಿಕೆ. ಒಂದಕ್ಕೊಂದು ಸರಿಯಾಗಿ ಕೂಡಿಕೊಳ್ಳುವುದು. ಹಾಗಾದರೆ ಒಪ್ಪಿಗೆಯಲ್ಲಿ ಕೂಡಿಕೊಳ್ಳಬೇಕಾದದ್ದು ಯಾವುದು? ಮನಸ್ಸು ಮತ್ತು ಮಾತು. ಮನಸ್ಸು ಬೇಡ ಬೇಡ ಅಂತಿರುವಾಗ ಬಾಯಿ ಹೂಂ ಅಂದರೆ ಅಲ್ಲಿ ಹೊಂದಿಕೆಯೇ ಇಲ್ಲ. ಅದನ್ನು ಒಪ್ಪಿಗೆ ಅಂತ ಕರೆಯೋಕೆ ಆಗಲ್ಲ.

ಇದೇ ಬೇರಿಗೆ ‘ಇಸು’ ಸೇರಿದರೆ ‘ಒಪ್ಪಿಸು’. ಎರಡು ಪದಗಳ ನಡುವೆ ಒಂದೇ ಅಕ್ಷರದ ಅಂತರ. ಅರ್ಥದಲ್ಲಿ ಮಾತ್ರ ಬಹಳ ದೂರ. ಪಾಠ ಒಪ್ಪಿಸುತ್ತೇವೆ, ಹಣ ಒಪ್ಪಿಸುತ್ತೇವೆ, ಕಳ್ಳನನ್ನು ಪೊಲೀಸರಿಗೆ ಒಪ್ಪಿಸುತ್ತೇವೆ. ‘ಏನೇನೋ ಹೇಳಿ ಒಪ್ಪಿಸಿದೆ ಕಣೋ’ ಅಂತ ಗೆಳೆಯರ ಹತ್ತಿರ ಹೇಳಿಕೊಳ್ಳುತ್ತೇವೆ. ಅಂದರೆ ಮನಸ್ಸು ಒಬ್ಬರದು, ಅದನ್ನು ತಿರುಗಿಸಿದ ಕೈ ಇನ್ನೊಬ್ಬರದು. ಆ ಚೀಟಿಯ ಹುಡುಗಿ ಒಪ್ಪಿರಲಿಲ್ಲ. ಅವಳನ್ನು ಒಪ್ಪಿಸಲಾಗಿತ್ತು. ಮಾತು ಬಿಟ್ಟವನ ಮೌನ ಅನ್ನುವುದು ಆ ವಯಸ್ಸಿನಲ್ಲಿ ಸಣ್ಣ ಒತ್ತಡವಲ್ಲ. ಹದಿನೈದರ ಮಕ್ಕಳಿಗೆ ಒಬ್ಬರು ಮಾತು ಬಿಟ್ಟರೆ ಊಟ ಸೇರಲ್ಲ. ನಾನು ನೋಡಿದ್ದೇನೆ.

ಮನೆಯಲ್ಲಿ ಮಕ್ಕಳು ಈ ಪದವನ್ನು ಯಾವಾಗ ಕೇಳುತ್ತಾರೆ? ಹೆಚ್ಚಾಗಿ ಮದುವೆಯ ಮಾತಿನಲ್ಲಿ. ‘ಎರಡೂ ಮನೆಯವರ ಒಪ್ಪಿಗೆ ಇದೆ.’ ‘ಹುಡುಗಿ ಒಪ್ಪಿಗೆಯಾದ್ಲಂತೆ.’ ಈ ಎರಡನೇ ಮಾತನ್ನು ಇನ್ನೊಮ್ಮೆ ಓದಿ. ಹುಡುಗಿ ಒಪ್ಪಿದಳು ಅಂತ ಇದರ ಅರ್ಥವಲ್ಲ. ಗಂಡಿನ ಕಡೆಯವರಿಗೆ ಹುಡುಗಿ ಹಿಡಿಸಿದಳು ಅಂತ. ಪದ ಕೂತಿರುವುದು ಹುಡುಗಿಯ ಪಕ್ಕದಲ್ಲಿ, ಒಪ್ಪಿಗೆ ಮಾತ್ರ ಬೇರೆಯವರದು! ಇದರ ಜೊತೆಗೆ ‘ಮೌನಂ ಸಮ್ಮತಿ ಲಕ್ಷಣಂ’ ಬೇರೆ. ತಲೆ ತಗ್ಗಿಸಿ ಕೂತವಳ ಮೌನವನ್ನು ಹೂಂ ಅಂತ ಓದಿಕೊಂಡು ಎಷ್ಟು ಮನೆಗಳಲ್ಲಿ ತಟ್ಟೆ ಬದಲಾಯಿಸಿಲ್ಲ?

ಇವತ್ತಿನ ಕಾನೂನು ಈ ಮಾತನ್ನು ಒಪ್ಪುವುದಿಲ್ಲ. ಅತ್ಯಾಚಾರದ ಕಾನೂನಿನಲ್ಲಿ 2013ರಲ್ಲಿ ಬಂದ, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇರುವ ವಿವರಣೆ ಹೀಗಿದೆ: ಒಪ್ಪಿಗೆ ಅನ್ನುವುದು ತಾನಾಗಿ ಕೊಟ್ಟದ್ದಾಗಿರಬೇಕು, ಅನುಮಾನಕ್ಕೆ ಎಡೆ ಇರಬಾರದು, ಮಾತಿನಲ್ಲೋ ಸನ್ನೆಯಲ್ಲೋ ತಿಳಿಸಿರಬೇಕು. ಮೈಯಿಂದ ಎದುರಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿದಳು ಅಂತ ತಿಳಿಯುವಂತಿಲ್ಲ. ಹೆದರಿಕೆಯಲ್ಲಿ ಮೈ ಮರಗಟ್ಟಿ ನಿಂತವರೂ ಬೇಡ ಅಂತಲೇ ಹೇಳುತ್ತಿರುತ್ತಾರೆ.

ಇನ್ನು ವಯಸ್ಸಿನ ಮಾತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಹುಡುಗಿಯಾಗಲಿ ಹುಡುಗನಾಗಲಿ. ಲೈಂಗಿಕ ವಿಷಯದಲ್ಲಿ ಅವರ ಹೂಂ ಅನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಈ ಗೆರೆ ಸುಮ್ನೆ ಇಲ್ಲಿಗೆ ಬಂದು ನಿಂತಿದ್ದಲ್ಲ. 1860ರ ದಂಡ ಸಂಹಿತೆಯಲ್ಲಿ ಅದು 10 ವರ್ಷ ಇತ್ತು. ಬಂಗಾಳದಲ್ಲಿ ಫುಲ್ಮೋನಿ ಎಂಬ ಪುಟ್ಟ ಹುಡುಗಿ, ವಯಸ್ಸಿನಲ್ಲಿ ತುಂಬಾ ದೊಡ್ಡವನಾದ ಗಂಡನಿಂದ ಸತ್ತಳು. ಅವಳಿಗಿನ್ನೂ ಹನ್ನೆರಡು ತುಂಬಿರಲಿಲ್ಲ. ಆ ಸಾವು ದೇಶದಲ್ಲಿ ದೊಡ್ಡ ಚರ್ಚೆ ಎಬ್ಬಿಸಿತು. 1891ರಲ್ಲಿ ವಯಸ್ಸು 12ಕ್ಕೆ ಏರಿತು. ಅಷ್ಟಕ್ಕೇ ಎಷ್ಟು ಜನ ಸಿಟ್ಟಾದರು ಅಂತ ಓದಿದರೆ ಈಗ ನಂಬೋಕೆ ಕಷ್ಟ. ಮೂರು ವರ್ಷದ ಮೇಲೆ, 1894ರಲ್ಲಿ, ಮೈಸೂರು ಸಂಸ್ಥಾನ ತನ್ನದೇ ಕಾನೂನು ತಂದಿತು. 8 ತುಂಬದ ಹುಡುಗಿಯ ಮದುವೆ ಮಾಡಬಾರದು, 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆಯಾಗಬಾರದು. ಇದನ್ನೂ ಕಾನೂನು ಮಾಡಿ ತಡೆಯಬೇಕಾಗಿತ್ತು ಅಂದರೆ ನಮ್ಮ ಮುತ್ತಜ್ಜಿಯರ ಕಾಲ ಹೇಗಿತ್ತು ಅಂತ ಯೋಚಿಸಿ.

ಪೋಕ್ಸೊ ಬಂದ ಮೇಲೆ ಇನ್ನೊಂದು ತೊಡಕು ಎದುರಾಯಿತು. ಹದಿನಾರು ಹದಿನೇಳರ ಹುಡುಗ ಹುಡುಗಿ ಪ್ರೀತಿಸಿ ಓಡಿಹೋಗುತ್ತಾರೆ. ಹುಡುಗಿಯ ಮನೆಯವರು ದೂರು ಕೊಡುತ್ತಾರೆ. ಹುಡುಗ ಬಾಲನ್ಯಾಯ ಮಂಡಳಿಯ ಮುಂದೆ ನಿಲ್ಲುತ್ತಾನೆ, 18 ದಾಟಿದ್ದರೆ ಜೈಲು ಸೇರುತ್ತಾನೆ. ಇಂಥ ಪ್ರಕರಣಗಳನ್ನು ಕಂಡು 2022ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಈ ವಯಸ್ಸಿನ ಬಗ್ಗೆ ಮತ್ತೆ ಯೋಚಿಸಬೇಕು ಎಂದಿತು. 9ನೇ ತರಗತಿಯಿಂದಲೇ ಮಕ್ಕಳಿಗೆ ಪೋಕ್ಸೊ ಬಗ್ಗೆ ತಿಳಿಸಿ ಎಂದು ಶಿಕ್ಷಣ ಇಲಾಖೆಗೂ ಹೇಳಿತು. ಮರುವರ್ಷ ಕಾನೂನು ಆಯೋಗ ವಯಸ್ಸನ್ನು ಇಳಿಸುವುದು ಬೇಡ ಎಂದು ವರದಿ ಕೊಟ್ಟಿತು. ಮದುವೆ ಮಾಡಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಕೆಲವು ಹಿರಿಯರು ತಿಳಿದಿದ್ದಾರೆ. ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಅದು ಮದುವೆಯೇ ಅಲ್ಲ.

ಇದನ್ನು ಹೇಳಿದಾಗ ಒಬ್ಬ ಹುಡುಗ ಎದ್ದು ಕೇಳಿದ. ‘ಹಾಗಾದ್ರೆ ಹದಿನೆಂಟರ ತನಕ ನಮ್ಮ ಮಾತಿಗೆ ಬೆಲೆನೇ ಇಲ್ವಾ ಮಿಸ್?’ ಒಳ್ಳೆ ಪ್ರಶ್ನೆ. ಹೂಂ ಅನ್ನೋಕೆ ವಯಸ್ಸಿದೆ ಕಣೋ, ಬೇಡ ಅನ್ನೋಕೆ ವಯಸ್ಸಿಲ್ಲ ಅಂದೆ. ಮೂರು ವರ್ಷದ ಮಗು ಬೇಡ ಅಂದರೂ ಅದು ಪೂರ್ತಿ ಬೇಡವೇ. ನೆಂಟರು ಬಂದಾಗ ‘ಮಾಮಂಗೆ ಮುತ್ತು ಕೊಡು’ ಅಂತ ಬಲವಂತ ಮಾಡುತ್ತೇವೆ. ಮಗು ಅಮ್ಮನ ಸೀರೆ ಹಿಂದೆ ಅಡಗಿಕೊಂಡರೆ ನಗುತ್ತೇವೆ. ತನ್ನ ಬೇಡಕ್ಕೆ ಬೆಲೆ ಇಲ್ಲ ಅಂತ ಮಗು ಕಲಿಯುವುದು ಅಲ್ಲಿಂದಲೇ. ಹತ್ತು ವರ್ಷದ ಮೇಲೆ ಅದೇ ಮಗು ಫೋಟೋ ಕೇಳಿದವನಿಗೆ ಗಟ್ಟಿಯಾಗಿ ಬೇಡ ಅನ್ನಲಿ ಅಂತ ಬಯಸುತ್ತೇವೆ.

ಬೇಡ ಅನ್ನುವುದಕ್ಕೆ ಉತ್ತರ ಕರ್ನಾಟಕದಲ್ಲಿ ಒಂದು ಚೆಂದದ ಪದ ಇದೆ. ‘ಒಲ್ಲೆ’. ಒಲವು ಹುಟ್ಟಿದ ಬೇರಿನಿಂದಲೇ ಒಲ್ಲೆಯೂ ಹುಟ್ಟಿದ್ದು. ನನಗೆ ಇದು ತುಂಬಾ ಇಷ್ಟ. ಒಲ್ಲೆ ಅನ್ನೋಕೆ ಜಾಗ ಇಲ್ಲದ ಕಡೆ ಒಲವು ಇದೆ ಅಂತ ನಾನು ನಂಬುವುದಿಲ್ಲ.

ಹುಡುಗರ ಕಡೆಯಿಂದ ಬಂದ ಚೀಟಿಯನ್ನೂ ಹೇಳಬೇಕು. ‘ಸಿನಿಮಾದಲ್ಲಿ ಹೀರೋ ಹಿಂದೆ ಬಿದ್ದು ಕೇಳ್ತಾನೆ, ಕೊನೆಗೆ ಅವಳು ಒಪ್ಕೋತಾಳೆ. ನಾವು ಎರಡನೇ ಸಲ ಕೇಳಿದ್ರೆ ತಪ್ಪಾ?’ ಕೇಳಿದವನ ಮೇಲೆ ಸಿಟ್ಟು ಬರಲಿಲ್ಲ. ಬೇಡ ಅಂತ ಕೇಳಿಸಿಕೊಂಡಾಗ ಏನು ಮಾಡಬೇಕು ಅಂತ ಅವನಿಗೆ ಯಾರು ಹೇಳಿದ್ದಾರೆ? ಅಪ್ಪ ಹೇಳಿಲ್ಲ, ನಾವು ಮೇಷ್ಟ್ರುಗಳೂ ಹೇಳಿಲ್ಲ. ಅವನಿಗೆ ಹೇಳಿದೆ: ಬೇಡ ಅಂದ ಮೇಲೆ ಮತ್ತೆ ಮತ್ತೆ ಕೇಳುವುದು ಅಂದರೆ ಅದು ಒಪ್ಪಿಸುವ ಕೆಲಸ. ನೋವಾಗುತ್ತೆ, ಅಳು ಬಂದರೆ ಅಳು, ಗೆಳೆಯನ ಹತ್ತಿರ ಹೇಳಿಕೋ. ಅವಳ ಹಿಂದೆ ಮಾತ್ರ ಹೋಗಬೇಡ.

ಆರೋಗ್ಯಕ್ಕೂ ಒಪ್ಪಿಗೆಗೂ ಏನು ಸಂಬಂಧ ಅಂತ ಕೇಳಬಹುದು. ತುಂಬಾ ಇದೆ. ಒತ್ತಡದಲ್ಲಿ ಹೂಂ ಅಂದವರಿಗೆ ‘ಕಾಂಡೋಮ್ ಇಲ್ಲದೆ ಆಗಲ್ಲ’ ಅಂತ ಹೇಳುವ ಧೈರ್ಯ ಎಲ್ಲಿಂದ ಬರಬೇಕು? ದೊಡ್ಡವರಾದ ಮೇಲೂ ಅಷ್ಟೇ, ಮದುವೆಯಾದ ಮೇಲೂ ಅಷ್ಟೇ. ಗರ್ಭ ನಿಲ್ಲದಂತೆ ತಡೆಯುವ ಮಾತ್ರೆ ಸೋಂಕನ್ನು ತಡೆಯುವುದಿಲ್ಲ. ಕಾಂಡೋಮ್ ಸರಿಯಾಗಿ ಬಳಸಿದರೆ ಎರಡರ ಅಪಾಯವನ್ನೂ ಕಡಿಮೆ ಮಾಡುತ್ತದೆ. ಎಚ್‌ಐವಿ ಇದೆಯೋ ಇಲ್ಲವೋ ಅಂತ ಮುಖ ನೋಡಿ ಹೇಳೋಕೆ ಆಗಲ್ಲ, ರಕ್ತ ಪರೀಕ್ಷೆ ಮಾಡಿಸಿಯೇ ತಿಳಿಯಬೇಕು. ಎಳೆ ವಯಸ್ಸಿನ ಬಸಿರು ತಾಯಿಗೂ ಮಗುವಿಗೂ ಅಪಾಯ. ಗರ್ಭಕೊರಳಿನ ಕ್ಯಾನ್ಸರಿಗೆ ಬಹುಪಾಲು ಕಾರಣ ಎಚ್‌ಪಿವಿ ವೈರಸ್. ಅದರ ಲಸಿಕೆಗೆ 9ರಿಂದ 14 ವರ್ಷ ಒಳ್ಳೆಯ ಕಾಲ. ಅಲ್ಲಿ ಸಹಿ ಅಪ್ಪ ಅಮ್ಮನದು, ಆದರೆ ಸೂಜಿ ಚುಚ್ಚುವುದು ಮಗಳ ತೋಳಿಗೆ. ಯಾಕೆ ಈ ಲಸಿಕೆ ಅಂತ ಅವಳಿಗೂ ಹೇಳಿ. ಅವಳ ಮೈ ಬಗ್ಗೆ ಅವಳನ್ನು ಕೇಳುವ ಅಭ್ಯಾಸ ಅಲ್ಲಿಂದಲೇ ಶುರುವಾಗಲಿ.

ಮನೆಯಲ್ಲಿ ಕೇಳಲಾಗದ್ದನ್ನು ಕೇಳೋಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಇದೆ. ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 2014ರಲ್ಲಿ ಶುರುವಾಯಿತು, 10ರಿಂದ 19 ವರ್ಷದವರಿಗೆ. ಇದು ಅದರ ಭಾಗ. ಮುಟ್ಟಿನ ತೊಂದರೆ, ರಕ್ತ ಕಡಿಮೆ ಇರುವುದು, ಮನಸ್ಸಿನ ಕಳವಳ, ಸಂಬಂಧದ ಗೊಂದಲ, ಏನನ್ನಾದರೂ ಆಪ್ತ ಸಮಾಲೋಚಕರ ಹತ್ತಿರ ಮಾತಾಡಬಹುದು. ಯಾರಾದರೂ ಬಲವಂತ ಮಾಡುತ್ತಿದ್ದರೆ, ಫೋಟೋ ಹಂಚುತ್ತೇನೆ ಅಂತ ಹೆದರಿಸುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 18 ತುಂಬದವರ ಲೈಂಗಿಕ ಚಿತ್ರ ತೆಗೆಯುವುದು, ಇಟ್ಟುಕೊಳ್ಳುವುದು, ಇನ್ನೊಬ್ಬರಿಗೆ ಕಳಿಸುವುದು ಅಪರಾಧ. ಕಳಿಸಿಬಿಟ್ಟಿದ್ದರೂ ಎಲ್ಲ ಮುಗಿದುಹೋಯಿತು ಅಂತ ಒಳಗೊಳಗೇ ಕೊರಗಬೇಡಿ. ನಂಬುವ ಒಬ್ಬ ದೊಡ್ಡವರಿಗೆ ಇವತ್ತೇ ಹೇಳಿ. ಅಪ್ಪ ಅಮ್ಮಂದಿರೇ, ಮಗು ಬಂದು ಹೇಳಿದರೆ ಮೊದಲು ಕೈ ಹಿಡಿದುಕೊಳ್ಳಿ. ಫೋನ್ ಕಿತ್ತುಕೊಳ್ಳುವುದು ಮೊದಲ ಕೆಲಸ ಅಲ್ಲ.

ಪಾಠ ಮುಗಿದ ಮೇಲೆ ಕ್ಲಾಸಿನಲ್ಲಿ ಒಂದು ಅಭ್ಯಾಸ ಮಾಡಿಸಿದೆ. ಇಬ್ಬಿಬ್ಬರು ಎದುರುಬದುರು ಕೂರಬೇಕು. ಒಬ್ಬರು ‘ನಿನ್ನ ಪೆನ್ನು ಕೊಡು’ ಅಂತ ಕೇಳಬೇಕು. ಇನ್ನೊಬ್ಬರು ಬೇಡ ಅನ್ನಬೇಕು, ಕಾರಣ ಹೇಳಬಾರದು. ಕೇಳಿದವರು ‘ಆಯ್ತು’ ಅನ್ನಬೇಕು, ಅಷ್ಟೇ. ಮೊದಲ ಸುತ್ತಿನಲ್ಲಿ ಯಾರಿಗೂ ಬರಲಿಲ್ಲ. ‘ಬೇಡ, ಇಂಕು ಕಡಿಮೆ ಇದೆ’, ‘ಸಾರಿ ಕಣೆ, ಅಣ್ಣಂದು ಇದು’, ಹೀಗೆ ಎಲ್ಲರೂ ಕಾರಣ ಕೊಟ್ಟರು. ಆಯ್ತು ಅನ್ನಬೇಕಾದವರೂ ‘ಒಂದೇ ನಿಮಿಷ ಕೊಡೆ’ ಅಂತ ಜಗ್ಗಿದರು. ಎರಡನೇ ಸುತ್ತಿಗೆ ಸ್ವಲ್ಪ ಸುಧಾರಿಸಿತು. ಮೂರನೇ ಸುತ್ತಿನಲ್ಲಿ ಹಿಂದಿನ ಬೆಂಚಿನ ಒಬ್ಬಳು, ಬಾಗಲಕೋಟೆ ಕಡೆಯಿಂದ ಬಂದವಳು, ವರ್ಷವೆಲ್ಲ ಅಟೆಂಡೆನ್ಸ್ ಹೇಳೋಕೂ ದನಿ ಎತ್ತದವಳು, ‘ಒಲ್ಲೆ’ ಅಂದಳು. ಎದುರಿಗಿದ್ದವಳು ಒಂದು ಕ್ಷಣ ಅವಳ ಮುಖ ನೋಡಿ, ‘ಆಯ್ತು’ ಅಂದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.